ವೀಸಾ ಬೇಡ, ಲೋಕಲ್ ಟಿಕೆಟ್ ಸಾಕು: ಠಾಣೆ, ಕಲ್ಯಾಣ, ಬೇಲಾಪುರದ ಖಾಡಿ ಕೋಟೆಗಳ ಕಥೆ, ಫ್ರಾನ್ಸ್‌ನ ವೈನ್ ನಾಡಿನಿಂದ ಕಲಿಯುವುದೇನು?

ಡೊಂಬಿವಲಿಯಿಂದ ಬೆಳಗ್ಗೆ ಹೊರಟ ಲೋಕಲ್ ರೈಲು ಕಳ್ವಾ ದಾಟಿ ಠಾಣೆ ನಿಲ್ದಾಣಕ್ಕೆ ಬರುವ ಮುನ್ನ ಒಂದು ಸೇತುವೆ ಹಾದುಹೋಗುತ್ತದೆ. ಕೆಳಗೆ ಮಬ್ಬು ಬಣ್ಣದ ಉಪ್ಪುನೀರು, ದಡದಲ್ಲಿ ಕಾಂಡ್ಲಾ ಗಿಡಗಳು. ಡಬ್ಬಿಯೊಳಗೆ ನಿಲ್ಲಲೂ ಜಾಗವಿಲ್ಲದ ಹೊತ್ತಿನಲ್ಲಿ ಹೊರಗೆ ಇಣುಕುವವರು ಕಡಿಮೆ. ಆದರೆ ಆ ಸೇತುವೆಗೆ ಅನತಿ ದೂರದಲ್ಲೇ ಸುಮಾರು 290 ವರ್ಷ ಹಳೆಯ ಕೋಟೆಯೊಂದಿದೆ. ಅದಕ್ಕಾಗಿ ಪೋರ್ಚುಗೀಸರು, ಮರಾಠರು, ಬ್ರಿಟಿಷರು ರಕ್ತ ಹರಿಸಿದ್ದಾರೆ. ಇವತ್ತು ಅದರೊಳಗೆ ಹೋಗಬೇಕಾದರೆ ಒಂದೋ ಕೈದಿಯಾಗಿರಬೇಕು, ಇಲ್ಲವೇ ಕೈದಿಯ ಸಂಬಂಧಿಯಾಗಿರಬೇಕು. ಅದು ಠಾಣೆ ಸೆಂಟ್ರಲ್ ಜೈಲು.

2025ರ ಜುಲೈನಲ್ಲಿ ಯುನೆಸ್ಕೋ 'ಮರಾಠಾ ಸೇನಾ ಭೂದೃಶ್ಯ' ಹೆಸರಿನಲ್ಲಿ 12 ಕೋಟೆಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ರಾಯಗಡ, ಪ್ರತಾಪಗಡ, ಪನ್ಹಾಳಾ, ಸಿಂಧುದುರ್ಗ ಸೇರಿ 11 ಮಹಾರಾಷ್ಟ್ರದವು, ಒಂದು ತಮಿಳುನಾಡಿನ ಜಿಂಜಿ. ಠಾಣೆ ಜಿಲ್ಲೆಯ ಒಂದು ಕೋಟೆಯೂ ಅದರಲ್ಲಿಲ್ಲ. ಹಾಗಂತ ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬೈ ಭಾಗದಲ್ಲಿ ನೋಡಲು ಏನೂ ಇಲ್ಲ ಎಂದಲ್ಲ. ಇರುವುದನ್ನು ಹೇಗೆ ನೋಡಬೇಕು ಎಂಬುದೇ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಮೊದಲು ಸ್ವಲ್ಪ ದೂರ, ಫ್ರಾನ್ಸ್‌ಗೆ ಹೋಗಿ ಬರೋಣ.

ಲ್ವಾರ್ ಕಣಿವೆಯಲ್ಲಿ ಜನ ನೋಡುವುದೇನು?

ಪ್ಯಾರಿಸ್‌ನ ನೈಋತ್ಯಕ್ಕೆ ಹರಿಯುವ ಲ್ವಾರ್ ನದಿಯ ಕಣಿವೆ ಫ್ರಾನ್ಸ್‌ನ ಹೆಸರಾಂತ ವೈನ್ ಪ್ರದೇಶ. ವೂವ್ರೆ, ಶಿನೋನ್, ಸೋಮ್ಯೂರ್ ಎಂಬ ವೈನ್ ಹೆಸರುಗಳೆಲ್ಲ ಅಲ್ಲಿನ ಊರುಗಳ ಹೆಸರೇ. ಅಲ್ಲಿಗೆ ಬರುವ ಪ್ರವಾಸಿಗರು ಒಂದೇ ಪ್ರವಾಸದಲ್ಲಿ ದ್ರಾಕ್ಷಿ ತೋಟವನ್ನೂ ಕೋಟೆ-ಅರಮನೆಯನ್ನೂ ನೋಡಿಕೊಂಡು ಹೋಗುತ್ತಾರೆ. 1519ರಲ್ಲಿ ದೊರೆ ಒಂದನೇ ಫ್ರಾನ್ಸ್ವಾ ಕಟ್ಟಿಸಲು ಆರಂಭಿಸಿದ ಶಾಂಬೋರ್, ಶೇರ್ ನದಿಯ ಮೇಲೆ ಸೇತುವೆಯಂತೆ ನಿಂತಿರುವ ಶೆನೋನ್ಸೋ, ಲಿಯೊನಾರ್ಡೊ ಡಾ ವಿಂಚಿ ಕೊನೆಯುಸಿರೆಳೆದ ಅಂಬ್ವಾಜ್ ಊರು, ಯುವತಿ ಜೋನ್ ಆಫ್ ಆರ್ಕ್ 1429ರಲ್ಲಿ ಯುವರಾಜನನ್ನು ಕಂಡ ಶಿನೋನ್ ಕೋಟೆ, ಎಲ್ಲವೂ ಆ ನದಿ ಅಥವಾ ಅದರ ಉಪನದಿಗಳ ಆಸುಪಾಸಿನಲ್ಲಿವೆ.

ಇಲ್ಲೊಂದು ಸ್ವಾರಸ್ಯವಿದೆ. ಈ ಅರಮನೆಗಳನ್ನು ಕಟ್ಟಿದ್ದು 'ತುಫೋ' ಎಂಬ ಮೆದುವಾದ ಬಿಳಿ ಸುಣ್ಣಕಲ್ಲಿನಿಂದ. ಕಲ್ಲು ಅಗೆದ ಮೇಲೆ ಗುಡ್ಡಗಳೊಳಗೆ ಉಳಿದ ಗುಹೆಗಳು ಸದಾ ತಣ್ಣಗಿರುತ್ತವೆ. ಇವತ್ತು ಅಲ್ಲಿ ವೈನ್ ಪೀಪಾಯಿಗಳನ್ನು ಇಡುತ್ತಾರೆ. ಅಂದರೆ ಕೋಟೆ ಎದ್ದ ಗುಂಡಿಯಲ್ಲೇ ವೈನ್ ಹದಗೊಳ್ಳುತ್ತದೆ! ಅದೇ ಕಲ್ಲನ್ನೂ ವೈನನ್ನೂ ದೋಣಿಗಳಲ್ಲಿ ಹೊತ್ತು ಸಾಗಿಸಿದ್ದು ಅದೇ ನದಿ.

ಯುನೆಸ್ಕೋ 2000ರಲ್ಲಿ ಲ್ವಾರ್ ಕಣಿವೆಗೆ ಮಾನ್ಯತೆ ಕೊಟ್ಟಾಗ ಬಿಡಿ ಬಿಡಿ ಅರಮನೆಗಳನ್ನು ಆರಿಸಲಿಲ್ಲ. ಸುಲಿಯಿಂದ ಶಲೋನ್‌ವರೆಗಿನ ಸುಮಾರು 280 ಕಿ.ಮೀ. ಉದ್ದದ ಕಣಿವೆಯನ್ನು ನದಿ, ಊರು, ತೋಟ, ಕೋಟೆ ಸಮೇತ ಒಂದೇ ತಾಣ ಎಂದು ಘೋಷಿಸಿತು. ಅದರ ಉಸ್ತುವಾರಿಗೆ ಸಮನ್ವಯ ಸಂಸ್ಥೆಯೂ ಇದೆ. ದಡದುದ್ದಕ್ಕೂ ಸೈಕಲ್ ಹಾದಿ ಇದೆ. ಹೀಗಾಗಿ ಅಲ್ಲಿಗೆ ಹೋದ ಪ್ರವಾಸಿಗರಿಗೆ ಯಾವ ಕೋಟೆ ಎಲ್ಲಿ, ಏಕೆ ಕಟ್ಟಿದರು ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನದಿಯೇ ಹೇಳುತ್ತದೆ.

ಠಾಣೆ ಭಾಗದ ಕೋಟೆಗಳಿಗೂ ಅಂಥದ್ದೇ ಒಂದು ನದಿ ಇದೆ. ಆದರೆ ಅದನ್ನು ಸೇತುವೆ ಮೇಲಿಂದ ದಾಟುವುದಷ್ಟೇ ನಮಗೆ ರೂಢಿ.

ಉಲ್ಹಾಸ್ ನದಿ ಎರಡಾಗುವ ಜಾಗ

ಸಹ್ಯಾದ್ರಿಯಲ್ಲಿ ಹುಟ್ಟುವ ಉಲ್ಹಾಸ್ ನದಿ ಕಲ್ಯಾಣ ಮುಟ್ಟುವಷ್ಟರಲ್ಲಿ ಸಮುದ್ರದ ಉಬ್ಬರ-ಇಳಿತಕ್ಕೆ ಸಿಕ್ಕಿ ಅಳಿವೆಯಾಗುತ್ತದೆ. ಮರಾಠಿಯಲ್ಲಿ ಇದನ್ನೇ ಖಾಡಿ ಎನ್ನುತ್ತಾರೆ. ಠಾಣೆಯ ಬಳಿ ಈ ನೀರು ಎರಡು ದಾರಿ ಹಿಡಿಯುತ್ತದೆ. ದೊಡ್ಡ ಕವಲು ಪಶ್ಚಿಮಕ್ಕೆ ತಿರುಗಿ ಘೋಡ್‌ಬಂದರ್ ದಾಟಿ ವಸಯಿಯಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಇನ್ನೊಂದು ದಕ್ಷಿಣಕ್ಕೆ ಇಳಿದು ಠಾಣೆ ಖಾಡಿಯಾಗಿ ಮುಂಬೈ ಬಂದರಿಗೆ ಹೋಗುತ್ತದೆ. ಇವೆರಡರ ನಡುವೆ ಸಿಕ್ಕಿಕೊಂಡ ನೆಲವೇ ಸಾಲ್ಸೆಟ್ ದ್ವೀಪ. ಇವತ್ತಿನ ಬೊರಿವಲಿ, ಅಂಧೇರಿ, ಮುಲುಂಡ್, ಠಾಣೆ ನಗರದ ಬಹುಭಾಗ ಎಲ್ಲವೂ ಈ ದ್ವೀಪದಲ್ಲಿವೆ.

ಈಗ ಕೋಟೆಗಳನ್ನು ಈ ನಕ್ಷೆಯ ಮೇಲೆ ಇಟ್ಟು ನೋಡಿ. ಖಾಡಿಯ ಮೇಲ್ತುದಿಯಲ್ಲಿ ಕಲ್ಯಾಣದ ದುರ್ಗಾಡಿ. ಕವಲಿನ ಬಳಿ ಠಾಣೆ. ಪಶ್ಚಿಮ ಕವಲಿನ ನಡುದಾರಿಯಲ್ಲಿ ಘೋಡ್‌ಬಂದರ್, ಬಾಯಿಯಲ್ಲಿ ವಸಯಿ. ಇತ್ತ ಪನ್ವೇಲ್ ಖಾಡಿ ಬಂದು ಕೂಡುವಲ್ಲಿ ಬೇಲಾಪುರ. ಒಂದೊಂದೂ ಒಂದೊಂದು ಬಾಗಿಲು. ದೋಣಿಯಲ್ಲಿ ಬಂದ ಸರಕಾಗಲಿ ಸೈನ್ಯವಾಗಲಿ ಈ ಬಾಗಿಲುಗಳನ್ನು ದಾಟಿಯೇ ಒಳನಾಡಿಗೆ ಹೋಗಬೇಕಿತ್ತು.

ಕರಾವಳಿ ಮೂಲದ ಮುಂಬೈ ಕನ್ನಡಿಗರಿಗೆ ಇದು ಹೊಸದಲ್ಲ. ಕುಮಟಾ ಬಳಿ ಅಘನಾಶಿನಿ ಅಳಿವೆಯ ಮಿರ್ಜಾನ್ ಕೋಟೆ, ಮಂಗಳೂರಿನಲ್ಲಿ ಯುದ್ಧನೌಕೆಗಳು ನದಿಯೊಳಗೆ ನುಗ್ಗದಂತೆ ಟಿಪ್ಪು ಕಟ್ಟಿಸಿದ ಸುಲ್ತಾನ್ ಬತ್ತೇರಿ ಇದೇ ತರ್ಕದವು. ಬೆಟ್ಟದ ಕೋಟೆಗೆ ಎತ್ತರವೇ ಬಲ, ಅಳಿವೆಯ ಕೋಟೆಗೆ ನೀರಿನ ಮೇಲಿನ ಕಣ್ಣೇ ಬಲ. ಚಿತ್ರದುರ್ಗದ ಅಬ್ಬರ ನಿರೀಕ್ಷಿಸಿ ದುರ್ಗಾಡಿಗೆ ಹೋದವರು 'ಇಷ್ಟೇನಾ?' ಎಂದು ವಾಪಸಾಗುವುದು ಇದೇ ಕಾರಣಕ್ಕೆ. ಗೋಡೆಗೆ ಬೆನ್ನು ಮಾಡಿ ನೀರಿನತ್ತ ನೋಡಿದರೆ ಮಾತ್ರ ಈ ಕೋಟೆಗಳು ಅರ್ಥವಾಗುತ್ತವೆ.

ಕಲ್ಯಾಣ: ವಿಜಯಪುರದ ಕೈತಪ್ಪಿದ ಬಂದರು

ಕಲ್ಯಾಣ ಎಂದರೆ ಕರ್ನಾಟಕದಲ್ಲಿ ಬಸವಕಲ್ಯಾಣವೇ ಮೊದಲು ನೆನಪಾಗುವುದು. ಠಾಣೆ ಜಿಲ್ಲೆಯ ಈ ಕಲ್ಯಾಣವೂ ಹಳೆಯದೇ. ಒಂದನೇ ಶತಮಾನದ ಗ್ರೀಕ್ ನಾವಿಕ ಕೈಪಿಡಿ 'ಪೆರಿಪ್ಲಸ್'ನಲ್ಲಿ ಇದು 'ಕಲ್ಲಿಯೇನ' ಎಂಬ ಬಂದರಾಗಿ ಕಾಣಿಸುತ್ತದೆ. ಬೊರಿವಲಿ ಕಾಡಿನ ಕನ್ಹೇರಿ ಗುಹೆಗಳ ಶಾಸನಗಳಲ್ಲಿ ಕಲ್ಯಾಣದ ವ್ಯಾಪಾರಿಗಳು, ಅಕ್ಕಸಾಲಿಗರು ಕೊಟ್ಟ ದಾನಗಳ ಉಲ್ಲೇಖವಿದೆ.

ಕನ್ಹೇರಿಯ ಮಾತು ಬಂದ ಮೇಲೆ ಇನ್ನೊಂದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅದೇ ಗುಹೆಗಳಲ್ಲಿ 9ನೇ ಶತಮಾನದ ಶಾಸನಗಳೂ ಇವೆ. ಆಗ ಉತ್ತರ ಕೊಂಕಣವನ್ನು ಆಳುತ್ತಿದ್ದವರು ಶಿಲಾಹಾರರು, ಅವರ ಮೇಲಿನ ಚಕ್ರವರ್ತಿ ಮಾನ್ಯಖೇಟದ ರಾಷ್ಟ್ರಕೂಟ ಅಮೋಘವರ್ಷ. ಹೌದು, 'ಕವಿರಾಜಮಾರ್ಗ'ದ ಕಾಲದ ಅದೇ ನೃಪತುಂಗ. ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಕೂತ ದೊರೆಯ ಹೆಸರು ಮುಂಬೈ ಪಕ್ಕದ ಬಂಡೆಯಲ್ಲಿದೆ. ಶಿಲಾಹಾರರ ರಾಜಧಾನಿ ಠಾಣೆಯಾಗಿತ್ತು. ಅವರ ಕಾಲದ 1060ರ ಶಿವ ದೇವಾಲಯ ಅಂಬರ್‌ನಾಥ್‌ನಲ್ಲಿ ಇಂದಿಗೂ ಗಟ್ಟಿಯಾಗಿ ನಿಂತಿದೆ. ಕಲ್ಯಾಣದಿಂದ ಮೂರೇ ನಿಲ್ದಾಣ ಆಚೆ. ದುರ್ಗಾಡಿಗೆ ಹೋಗುವವರು ಇದನ್ನು ಬಿಡಬಾರದು, ಕೆತ್ತನೆಯ ದೃಷ್ಟಿಯಿಂದ ಈ ಪಟ್ಟಿಯಲ್ಲೇ ಶ್ರೀಮಂತ ಜಾಗ ಅದು.

ಕೋಟೆಯ ವಿಷಯಕ್ಕೆ ಬರೋಣ. 1636ರ ಒಪ್ಪಂದದ ನಂತರ ಕಲ್ಯಾಣ ವಿಜಯಪುರದ ಆದಿಲ್‌ಶಾಹಿ ಪಾಲಾಗಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಮುಲ್ಲಾ ಅಹ್ಮದ್ ನವಾಯತ ಮೂಲದ ಸರದಾರ. ನವಾಯತರು ಎಂದರೆ ಭಟ್ಕಳ ನೆನಪಾಗದೆ ಇರದು. 1657ರ ಅಕ್ಟೋಬರ್‌ನಲ್ಲಿ ಶಿವಾಜಿಯ ಪಡೆ ಕಲ್ಯಾಣ ಮತ್ತು ಭಿವಂಡಿಯನ್ನು ವಶಪಡಿಸಿಕೊಂಡಿತು. ವಿಜಯಪುರದ ಬೊಕ್ಕಸಕ್ಕೆ ಅದು ಸಣ್ಣ ಪೆಟ್ಟಲ್ಲ.

ಅಲ್ಲಿಯವರೆಗೆ ಬೆಟ್ಟಗಳ ಮೇಲೆ ಬೆಳೆದಿದ್ದ ಒಂದು ರಾಜ್ಯಕ್ಕೆ ಮೊದಲ ಬಾರಿಗೆ ಉಪ್ಪುನೀರು ಸಿಕ್ಕಿತು. ಖಾಡಿಯ ದಡದ ದಿಬ್ಬದಲ್ಲಿ ದುರ್ಗಾಡಿ ಎದ್ದಿತು, ಪಕ್ಕದಲ್ಲೇ ಹಡಗು ಕಟ್ಟುವ ಕೆಲಸ ಶುರುವಾಯಿತು. ಅದಕ್ಕೆ ಪೋರ್ಚುಗೀಸ್ ಕುಶಲಕರ್ಮಿಗಳ ನೆರವನ್ನೂ ಪಡೆಯಲಾಗಿತ್ತು. ಮರಾಠಾ ನೌಕಾಪಡೆಯ ತೊಟ್ಟಿಲು ಎಂದು ಕಲ್ಯಾಣವನ್ನು ಕರೆಯುವುದು ಇದಕ್ಕೇ. ಮುಂದೆ ಸಿಂಧುದುರ್ಗ, ಖಾಂದೇರಿಯಂಥ ಜಲದುರ್ಗಗಳು ಬಂದವು, ಅವು ಈಗ ಯುನೆಸ್ಕೋ ಪಟ್ಟಿಯಲ್ಲಿವೆ. ತೊಟ್ಟಿಲು ಮಾತ್ರ ಹೊರಗುಳಿದಿದೆ.

ಈಗ ಅಲ್ಲಿ ಏನಿದೆ? ಕೆಲವು ಬುರುಜುಗಳು, ಗೋಡೆಯ ಭಾಗಗಳು, ಮೇಲೆ ದುರ್ಗಾದೇವಿಯ ಗುಡಿ. ನವರಾತ್ರಿಯಲ್ಲಿ ದೊಡ್ಡ ಜಾತ್ರೆ. ಕೋಟೆಯ ಬುಡದ ಖಾಡಿ ದಡಕ್ಕೆ ನೌಕಾಪಡೆಯಿಂದ ನಿವೃತ್ತವಾದ 'ಟಿ-80' ಹಡಗನ್ನು 2024ರಲ್ಲಿ ತರಲಾಗಿದೆ. ಅದನ್ನು ಕೇಂದ್ರವಾಗಿಟ್ಟುಕೊಂಡು ನೌಕಾ ವಸ್ತುಸಂಗ್ರಹಾಲಯ ರೂಪಿಸುವ ಯೋಜನೆ ಇದು.

ಕೋಟೆಯೊಳಗಿನ ಜಾಗದ ಮಾಲೀಕತ್ವದ ಬಗ್ಗೆ ದೀರ್ಘ ಕಾಲದ ವಿವಾದವೂ ಇದೆ. ಇಲ್ಲಿನ ಒಂದು ಕಟ್ಟಡ ಮಸೀದಿ ಎಂದು ಪ್ರತಿಪಾದಿಸಿ ಮುಸ್ಲಿಂ ಟ್ರಸ್ಟ್ ಒಂದು 1976ರಲ್ಲಿ ಹೂಡಿದ್ದ ದಾವೆಯನ್ನು ಕಲ್ಯಾಣದ ಸಿವಿಲ್ ನ್ಯಾಯಾಲಯ 2024ರ ಡಿಸೆಂಬರ್‌ನಲ್ಲಿ ವಜಾಗೊಳಿಸಿ, ಜಾಗ ರಾಜ್ಯ ಸರ್ಕಾರದ್ದು ಎಂದು ಹೇಳಿತು. ಬಕ್ರೀದ್ ಮತ್ತು ನವರಾತ್ರಿ ಸಮಯದಲ್ಲಿ ಇಲ್ಲಿ ಪೊಲೀಸ್ ಬಂದೋಬಸ್ತ್ ಸಾಮಾನ್ಯ. ಇತಿಹಾಸ ನೋಡಲು ಹೋಗುವವರು ಆ ದಿನಗಳನ್ನು ಬಿಟ್ಟು ಬೇರೆ ದಿನ ಆರಿಸಿಕೊಳ್ಳುವುದು ಒಳಿತು.

ಠಾಣೆ: ಹಾಡು ಕೇಳಿಸಿಕೊಂಡು ಪರಾರಿಯಾದ ಕೈದಿ

ಈ ಸರಣಿಯ ಅತಿ ರೋಚಕ ಕೋಟೆ ಯಾವುದು ಎಂದರೆ ಒಳಗೆ ಹೋಗಲಾಗದ ಕೋಟೆಯೇ.

ವಸಯಿಯನ್ನು 1534ರಲ್ಲಿ ಗುಜರಾತ್ ಸುಲ್ತಾನ ಬಹದ್ದೂರ್ ಷಾನಿಂದ ಪಡೆದ ಪೋರ್ಚುಗೀಸರು ಸಾಲ್ಸೆಟ್‌ನಲ್ಲಿ ಇನ್ನೂರು ವರ್ಷ ಆಳಿದರು. ಮರಾಠರ ಭಯ ಹೆಚ್ಚಾದಾಗ, 1730ರ ದಶಕದಲ್ಲಿ, ಠಾಣೆಯಲ್ಲಿ ಹೊಸ ಕೋಟೆ ಕಟ್ಟಲು ಶುರುಮಾಡಿದರು. ಕೆಲಸ ಮುಗಿಯುವ ಮೊದಲೇ, 1737ರಲ್ಲಿ, ಬಾಜಿರಾಯನ ತಮ್ಮ ಚಿಮಾಜಿ ಅಪ್ಪಾನ ಸೈನ್ಯ ಬಂದು ಠಾಣೆಯನ್ನೂ ಘೋಡ್‌ಬಂದರನ್ನೂ ಹಿಡಿಯಿತು. ಖಾಡಿಯ ಮೇಲಿನ ಬಾಗಿಲುಗಳು ಹೋದ ಮೇಲೆ ವಸಯಿ ಒಂಟಿಯಾಯಿತು. ಎರಡು ವರ್ಷ ತಡೆದು, 1739ರ ಮೇ ತಿಂಗಳಲ್ಲಿ ಅದೂ ಬಿತ್ತು. ಭಾರತದಲ್ಲಿ ಒಂದು ಐರೋಪ್ಯ ಶಕ್ತಿಗೆ ಆದ ದೊಡ್ಡ ಸೋಲುಗಳಲ್ಲಿ ಇದೂ ಒಂದು. ಕೋಟೆಗಳನ್ನು ಬಿಡಿಬಿಡಿಯಾಗಿ ನೋಡಿದರೆ ಇದು ಅರ್ಥವಾಗದು. ವಸಯಿಯ ಸೋಲು ಶುರುವಾದದ್ದು ಠಾಣೆಯಲ್ಲಿ.

1774ರ ಡಿಸೆಂಬರ್ ಕೊನೆಯಲ್ಲಿ ಬ್ರಿಟಿಷರು ಠಾಣೆ ಕೋಟೆಯನ್ನು ಮುತ್ತಿಗೆ ಹಾಕಿ ಗೆದ್ದರು. ಮುಂದೆ ಅವರಿಗೆ ಅದು ಖೈದಿಗಳನ್ನು ಇಡುವ ಅನುಕೂಲದ ಜಾಗವಾಯಿತು. ಅಂಥ ಖೈದಿಗಳಲ್ಲಿ ಎರಡನೇ ಬಾಜಿರಾಯನ ಆಪ್ತ ತ್ರಿಂಬಕಜಿ ಡೇಂಗಳೆ ಪ್ರಸಿದ್ಧ. ಬರೋಡಾದ ರಾಯಭಾರಿ ಗಂಗಾಧರ ಶಾಸ್ತ್ರಿ 1815ರಲ್ಲಿ ಪಂಢರಪುರದಲ್ಲಿ ಕೊಲೆಯಾದಾಗ ಆರೋಪ ಬಂದದ್ದು ತ್ರಿಂಬಕಜಿಯ ಮೇಲೆ. ಬ್ರಿಟಿಷರು ಅವನನ್ನು ಠಾಣೆ ಕೋಟೆಯಲ್ಲಿ ಇಟ್ಟರು. ಸ್ಥಳೀಯರು ಸಹಾಯ ಮಾಡಿಯಾರು ಎಂಬ ಭಯದಿಂದ ಕಾವಲಿಗೆ ಐರೋಪ್ಯ ಸೈನಿಕರನ್ನೇ ಹಾಕಿದ್ದರು.

ಅದೇ ಎಡವಟ್ಟಾಯಿತು. ಕುದುರೆ ಲಾಯದ ಆಳೊಬ್ಬ ಗೋಡೆಯ ಹೊರಗೆ ಕುದುರೆ ಉಜ್ಜುತ್ತಾ ದಿನವೂ ಮರಾಠಿ ಹಾಡು ಗುನುಗುತ್ತಿದ್ದ. ಕುದುರೆ ಎಲ್ಲಿ ಸಿದ್ಧವಿದೆ, ಜೊತೆಗಾರರು ಎಲ್ಲಿ ಅಡಗಿದ್ದಾರೆ ಎಂಬುದೆಲ್ಲ ಹಾಡಿನಲ್ಲೇ ಇತ್ತು. ಕಾವಲುಗಾರರಿಗೆ ಮರಾಠಿ ಬಾರದು. ಒಳಗಿದ್ದವನಿಗೆ ಎಲ್ಲ ಅರ್ಥವಾಯಿತು. 1816ರ ಸೆಪ್ಟೆಂಬರ್‌ನ ಮಳೆಯ ದಿನಗಳಲ್ಲಿ ತ್ರಿಂಬಕಜಿ ತಪ್ಪಿಸಿಕೊಂಡ. ಬಿಷಪ್ ಹೀಬರ್ ತನ್ನ ಪ್ರವಾಸ ದಿನಚರಿಯಲ್ಲಿ ಈ ಹಾಡಿನ ಕಥೆ ಬರೆದಿಟ್ಟಿದ್ದಾನೆ. 1818ರಲ್ಲಿ ತ್ರಿಂಬಕಜಿ ಮತ್ತೆ ಸಿಕ್ಕಿಬಿದ್ದು ಉತ್ತರ ಭಾರತದ ಚುನಾರ್ ಕೋಟೆ ಸೇರಿದ. ಈ ಸಲ ಯಾರೂ ಹಾಡಲಿಲ್ಲ.

ಇದೇ ಗೋಡೆಗಳ ಒಳಗೆ 1910ರ ಏಪ್ರಿಲ್ 19ರಂದು ಮೂವರು ಯುವಕರನ್ನು ಗಲ್ಲಿಗೇರಿಸಲಾಯಿತು. ನಾಸಿಕ್ ಕಲೆಕ್ಟರ್ ಜಾಕ್ಸನ್ ಹತ್ಯೆ ಪ್ರಕರಣದ ಅನಂತ ಕಾನ್ಹೇರೆ, ಕೃಷ್ಣಾಜಿ ಕರ್ವೆ ಮತ್ತು ವಿನಾಯಕ ದೇಶಪಾಂಡೆ ಅವರು. ಕಾನ್ಹೇರೆಗೆ ಇನ್ನೂ ಇಪ್ಪತ್ತೂ ತುಂಬಿರಲಿಲ್ಲ.

ಜೈಲನ್ನು ಬೇರೆಡೆಗೆ ಸಾಗಿಸಿ ಕೋಟೆಯನ್ನು ಸ್ಮಾರಕ ಮಾಡಬೇಕು ಎಂಬ ಬೇಡಿಕೆ ಠಾಣೆಯಲ್ಲಿ ಆಗಾಗ ಕೇಳಿಬರುತ್ತದೆ. ಆಗುವ ಮಾತಾ ಎಂದು ಕೇಳುವವರಿಗೆ ಲ್ವಾರ್ ಕಣಿವೆಯಲ್ಲೇ ಒಂದು ಉದಾಹರಣೆ ಇದೆ. ಸೋಮ್ಯೂರ್ ಹತ್ತಿರದ ಫಾಂತೆವ್ರೋ ಎಂಬ 12ನೇ ಶತಮಾನದ ಮಠವನ್ನು ನೆಪೋಲಿಯನ್ 1804ರಲ್ಲಿ ಸೆರೆಮನೆ ಮಾಡಲು ಆದೇಶಿಸಿದ. ಇಂಗ್ಲೆಂಡ್ ದೊರೆ ಸಿಂಹಹೃದಯಿ ರಿಚರ್ಡ್‌ನ ಸಮಾಧಿ ಶಿಲ್ಪ ಇರುವ ಆ ಕಟ್ಟಡದಲ್ಲಿ ಒಂದೂವರೆ ಶತಮಾನ ಕೈದಿಗಳು ಇದ್ದರು. 1963ರಲ್ಲಿ ಸೆರೆಮನೆ ಮುಚ್ಚಿತು, ದುರಸ್ತಿ ನಡೆಯಿತು. ಇಂದು ಜನ ಟಿಕೆಟ್ ಕೊಟ್ಟು ಒಳಗೆ ಹೋಗುತ್ತಾರೆ. ಸೆರೆಮನೆಯ ದಿನಗಳನ್ನೂ ಅಲ್ಲಿ ಮರೆಮಾಚದೆ ಹೇಳಲಾಗುತ್ತದೆ.

ಠಾಣೆಯ ಕೈದಿಗಳಿಗೆ ಮೊದಲು ಜಾಗ ಬೇಕು ಎಂಬುದೂ ಸತ್ಯವೇ. ಸದ್ಯಕ್ಕೆ ಹೊರಗಿನ ರಸ್ತೆಯಿಂದ ಗೋಡೆ, ಬುರುಜು ನೋಡಬಹುದಷ್ಟೆ. ಇದು ಚಾಲ್ತಿಯಲ್ಲಿರುವ ಜೈಲು, ಕ್ಯಾಮೆರಾ ಎತ್ತುವ ಮುನ್ನ ಯೋಚಿಸಿ.

ಘೋಡ್‌ಬಂದರ್: ಟ್ರಾಫಿಕ್‌ಗೆ ಹೆಸರಾದ ಕುದುರೆ ಬಂದರು

ಠಾಣೆಯವರ ಬಾಯಲ್ಲಿ ಘೋಡ್‌ಬಂದರ್ ಎಂದರೆ ಟ್ರಾಫಿಕ್ ಜಾಮ್. ಹೆಸರಿನ ಅರ್ಥ ಕುದುರೆ ಬಂದರು. ಅರಬ್ ವರ್ತಕರು ಕುದುರೆಗಳನ್ನು ಹಡಗಿನಲ್ಲಿ ತಂದು ಇಳಿಸುತ್ತಿದ್ದ ಜಾಗವಾದ್ದರಿಂದ ಈ ಹೆಸರು ಎನ್ನುತ್ತಾರೆ. ದಕ್ಷಿಣದ ದೊರೆಗಳಿಗೆ ಅರಬ್ ಕುದುರೆ ಎಂದರೆ ಇವತ್ತಿನ ಯುದ್ಧವಿಮಾನ ಇದ್ದಂತೆ. ವಿಜಯನಗರದ ಅರಸರೂ ಪೋರ್ಚುಗೀಸರೊಂದಿಗೆ ಸ್ನೇಹ ಕಾಯ್ದುಕೊಂಡಿದ್ದಕ್ಕೆ ಗೋವೆಯ ಮೂಲಕ ಬರುವ ಕುದುರೆಗಳೇ ದೊಡ್ಡ ಕಾರಣ.

ಪೋರ್ಚುಗೀಸರು ಕಟ್ಟಿದ ಈ ಕೋಟೆ ಖಾಡಿ ಕಿರಿದಾಗಿ ತಿರುಗುವ ಕಡೆ, ಸಣ್ಣ ಗುಡ್ಡದ ಮೇಲಿದೆ. ಶಿವಾಜಿಯ ಕಾಲದಲ್ಲಿ ನಡೆದ ಪ್ರಯತ್ನ ಫಲಿಸಲಿಲ್ಲ, ಚಿಮಾಜಿ ಅಪ್ಪಾನ ಕಾಲದಲ್ಲಿ ಗೆಲುವು ಸಿಕ್ಕಿತು. ಇಂದು ಇದು ಮೀರಾ-ಭಾಯಂದರ್ ಪಾಲಿಕೆ ವ್ಯಾಪ್ತಿಯಲ್ಲಿದ್ದು, ದುರಸ್ತಿ ಕೆಲಸ ನಡೆದಿದೆ. ಮೇಲೆ ನಿಂತರೆ ಖಾಡಿಯ ತಿರುವು, ಕಾಂಡ್ಲಾ ಕಾಡು ಸೊಗಸಾಗಿ ಕಾಣುತ್ತದೆ. ಈ ಐದು ಜಾಗಗಳಲ್ಲಿ ಲ್ವಾರ್‌ಗೆ ಅತಿ ಹತ್ತಿರದ ನೋಟ ಯಾವುದು ಎಂದರೆ ಇದೇ, ಬಾಟಲಿ ಮಾತ್ರ ಇಲ್ಲ!

ಬೇಲಾಪುರ: ಪಾಮ್ ಬೀಚ್ ರಸ್ತೆಯ ತುದಿಯ ಬುರುಜು

ನವಿ ಮುಂಬೈ ಎಂದರೆ 1970ರ ದಶಕದ ನಂತರದ ಊರು ಎಂಬ ಭಾವನೆ ಸಹಜ. ಆದರೆ ಪಾಮ್ ಬೀಚ್ ರಸ್ತೆಯ ತುದಿಯಲ್ಲಿ ಮಹಾನಗರ ಪಾಲಿಕೆಯ ಗುಮ್ಮಟದ ಕಚೇರಿ ಇರುವ ಜಂಕ್ಷನ್‌ನ ಹೆಸರೇ 'ಕಿಲ್ಲಾ'. ಸಮೀಪದ ಕಿಲ್ಲಾ ಗಾವ್‌ಠಾಣ್ ಹಳ್ಳಿಯ ಬಳಿ ಬೇಲಾಪುರ ಕೋಟೆಯ ಅವಶೇಷಗಳಿವೆ. ಜಂಜಿರಾದ ಸಿದ್ದಿಗಳು 16ನೇ ಶತಮಾನದಲ್ಲಿ ಕಟ್ಟಿದ ಕೋಟೆ ಎನ್ನಲಾಗುತ್ತದೆ. ನಂತರ ಪೋರ್ಚುಗೀಸರು, ಮರಾಠರು, ಬ್ರಿಟಿಷರು ಸರದಿಯಂತೆ ಬಂದರು. ಕೋಟೆ ಗೆದ್ದರೆ ಅಮೃತೇಶ್ವರನಿಗೆ ಬಿಲ್ವಪತ್ರೆಯ ಮಾಲೆ ಅರ್ಪಿಸುವುದಾಗಿ ಮರಾಠರು ಹರಕೆ ಹೊತ್ತರು, ಮರಾಠಿಯ 'ಬೇಲ್' ಅಂದರೆ ಬಿಲ್ವದಿಂದಲೇ ಊರಿಗೆ ಬೇಲಾಪುರ ಎಂಬ ಹೆಸರು ಬಂತು ಎಂಬುದು ಜನಪ್ರಿಯ ಕಥೆ.

ಸಂರಕ್ಷಣೆಯ ಕೆಲಸವನ್ನು ನಗರ ಕಟ್ಟಿದ ಸಿಡ್ಕೋ ಸಂಸ್ಥೆಯೇ ಕೈಗೆತ್ತಿಕೊಂಡಿತ್ತು. ಸ್ಥಳಕ್ಕೆ ಹೋದರೆ ಗೋಡೆಯ ತುಣುಕು, ಬುರುಜು, ಪೊದೆ ಕಾಣುತ್ತವೆ. ಹಿಂದೆ ಗಾಜಿನ ಕಟ್ಟಡಗಳು. ಹೆಚ್ಚಿನ ನಿರೀಕ್ಷೆ ಬೇಡ.

ಐದು ಕೋಟೆ, ಐದು ಮಾಲೀಕರು

ಲ್ವಾರ್‌ನ ಜೊತೆ ಹೋಲಿಸಿದಾಗ ಎದ್ದು ಕಾಣುವ ವ್ಯತ್ಯಾಸ ಕಲ್ಲಿನದಲ್ಲ, ಕಡತದ್ದು. ಠಾಣೆ ಕೋಟೆ ಕಾರಾಗೃಹ ಇಲಾಖೆಯ ಬಳಕೆಯಲ್ಲಿದೆ. ದುರ್ಗಾಡಿ ರಾಜ್ಯ ಸರ್ಕಾರದ್ದು. ಘೋಡ್‌ಬಂದರ್ ಒಂದು ಪಾಲಿಕೆಯ ವ್ಯಾಪ್ತಿಯಲ್ಲಿ, ಬೇಲಾಪುರದ ಜವಾಬ್ದಾರಿ ಸಿಡ್ಕೋ ಮೇಲೆ, ವಸಯಿ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಕೈಯಲ್ಲಿ. 2014ರಲ್ಲಿ ಪಾಲ್ಘರ್ ಜಿಲ್ಲೆ ರಚನೆಯಾದ ಮೇಲೆ ವಸಯಿ ಠಾಣೆ ಜಿಲ್ಲೆಯಲ್ಲೂ ಇಲ್ಲ. ಒಂದೇ ನೀರಿನ ಮೇಲಿನ ಐದು ಬಾಗಿಲುಗಳನ್ನು ಒಂದು ಫಲಕದಲ್ಲಿ ತೋರಿಸಬೇಕಾದರೂ ಐದು ಕಚೇರಿಗಳ ಒಪ್ಪಿಗೆ ಬೇಕು.

ವಿಚಿತ್ರವೆಂದರೆ ನೀರಿಗೆ ಮಾನ್ಯತೆ ಸಿಕ್ಕಿದೆ. ಠಾಣೆ ಖಾಡಿಯ ಒಂದು ಭಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ರಾಮ್‌ಸಾರ್ ತಾಣವೂ ಆಯಿತು. 2016ರ ಕಾನೂನಿನಲ್ಲಿ ಕಲ್ಯಾಣ-ಠಾಣೆ-ಮುಂಬೈ ಜಲಮಾರ್ಗಕ್ಕೆ ರಾಷ್ಟ್ರೀಯ ಜಲಮಾರ್ಗ 53 ಎಂಬ ಸಂಖ್ಯೆ ಬಂದಿದೆ. ಹಕ್ಕಿಗಳಿಗೆ ಕಾನೂನಿದೆ, ದೋಣಿಗೆ ನಂಬರ್ ಇದೆ. ಆ ನೀರನ್ನು ಕಾಯಲು ಕಟ್ಟಿದ ಕೋಟೆಗಳಿಗೆ ಒಟ್ಟಾಗಿ ಒಂದು ಹೆಸರೂ ಇಲ್ಲ.

ಹೋಗುವುದು ಹೇಗೆ?

ಮಳೆಗಾಲ ಮುಗಿದ ಮೇಲೆ, ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಸಮಯ. ಕಲ್ಯಾಣ ನಿಲ್ದಾಣದ ಪಶ್ಚಿಮಕ್ಕೆ ಇಳಿದು ರಿಕ್ಷಾ ಹಿಡಿದರೆ ದುರ್ಗಾಡಿ ಹತ್ತಿರವೇ. ಬೆಳಗ್ಗೆ ಅಂಬರ್‌ನಾಥ್ ದೇವಾಲಯ, ಸಂಜೆ ದುರ್ಗಾಡಿ ಇಟ್ಟುಕೊಂಡರೆ ಒಂದು ಭಾನುವಾರ ಸಾಕು. ಬೇಲಾಪುರಕ್ಕೆ ಠಾಣೆಯಿಂದ ಟ್ರಾನ್ಸ್-ಹಾರ್ಬರ್ ಲೋಕಲ್ ಇದೆ, ದಾರಿಯಲ್ಲಿ ಐರೋಲಿಯಲ್ಲಿ ಇಳಿದರೆ ಅಲ್ಲಿನ ಕರಾವಳಿ ಜೀವವೈವಿಧ್ಯ ಕೇಂದ್ರದಿಂದ ಫ್ಲೆಮಿಂಗೊ ನೋಡಲು ದೋಣಿ ವಿಹಾರವೂ ಉಂಟು. ಉಬ್ಬರದ ವೇಳೆ ನೋಡಿಕೊಂಡು ದೋಣಿ ಬಿಡುವುದರಿಂದ ಮೊದಲೇ ವಿಚಾರಿಸಿಕೊಳ್ಳಬೇಕು. ಘೋಡ್‌ಬಂದರ್‌ಗೆ ಠಾಣೆಯಿಂದ ಬಸ್ ಅಥವಾ ಸ್ವಂತ ವಾಹನ. ರಜಾ ದಿನ ಬೆಳಗ್ಗೆ 7ರೊಳಗೆ ಹೊರಡದಿದ್ದರೆ ಕೋಟೆಗಿಂತ ಹೆಚ್ಚು ಹೊತ್ತು ಲಾರಿಗಳನ್ನೇ ನೋಡಬೇಕಾಗುತ್ತದೆ.

ಕೋಟೆಯ ಜೊತೆ ದ್ರಾಕ್ಷಿ ತೋಟವೂ ಬೇಕೇ ಬೇಕು ಎನ್ನುವವರು ಕಸಾರಾ ಘಾಟಿ ಏರಿ ನಾಸಿಕ್‌ಗೆ ಹೋಗಬೇಕು. 'ನಾಸಿಕ್ ವ್ಯಾಲಿ ವೈನ್'ಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. ದಿಂಡೋರಿ ಕಡೆಯ ದ್ರಾಕ್ಷಿ ಸೀಮೆಯಲ್ಲೇ ಔರಂಗಜೇಬನ ಸೈನ್ಯವನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ ರಾಮಶೇಜ್ ಕೋಟೆ ಇದೆ. ಯುನೆಸ್ಕೋ ಪಟ್ಟಿಯ ಸಾಲ್ಹೇರ್ ಕೂಡ ಅದೇ ಜಿಲ್ಲೆಯದು, ಆದರೆ ಅದು ಕಠಿಣ ಚಾರಣ.

ವಸಯಿಗೆ ಹೋಗಲು ಡೊಂಬಿವಲಿ ಕಡೆಯವರಿಗೆ ದಿವಾ-ವಸಯಿ ಮೆಮು ರೈಲು ಅನುಕೂಲ. ಡೊಂಬಿವಲಿ ಪಕ್ಕದ ಕೋಪರ್‌ನಲ್ಲೂ ಹತ್ತಬಹುದು. ರೈಲುಗಳ ಸಂಖ್ಯೆ ಕಡಿಮೆ, ಸಮಯ ನೋಡಿಕೊಂಡು ಹೊರಡಿ. ಆದರೆ ಸಾಧ್ಯವಾದರೆ ಒಂದು ಬದಿಗಾದರೂ ನೀರಿನ ದಾರಿ ಹಿಡಿಯಿರಿ. 2024ರ ಫೆಬ್ರವರಿಯಿಂದ ಭಾಯಂದರ್ ಮತ್ತು ವಸಯಿ ನಡುವೆ ವಾಹನಗಳನ್ನೂ ಹೊತ್ತೊಯ್ಯುವ ರೋ-ರೋ ದೋಣಿ ಶುರುವಾಗಿದೆ. ಕೆಲವೇ ನಿಮಿಷಗಳ ಪ್ರಯಾಣ. ದೋಣಿ ವಸಯಿ ಜೆಟ್ಟಿಗೆ ಹತ್ತಿರವಾಗುತ್ತಿದ್ದಂತೆ ಮೀನುಗಾರರ ದೋಣಿಗಳ ಹಿಂದೆ ಕೋಟೆಯ ನೀರಿನ ಕಡೆಯ ಗೋಡೆ ಕಾಣಿಸುತ್ತದೆ. ಮರಾಠರು ಒಳನುಗ್ಗಿದ್ದು ಇತ್ತಲಿಂದಲ್ಲ. ನೆಲದ ಕಡೆ ಸುರಂಗ ತೋಡಿ ಸಿಡಿಮದ್ದಿನಿಂದ ಒಡೆದ ಸಂತ ಸೆಬಾಸ್ಟಿಯನ್ ಬುರುಜನ್ನು ನೋಡಲು ಜೆಟ್ಟಿಯಲ್ಲಿ ಇಳಿದು, ಕೋಟೆಯೊಳಗಿನ ಪಾಳುಬಿದ್ದ ಚರ್ಚುಗಳನ್ನು ದಾಟಿಕೊಂಡು, ಇನ್ನೊಂದು ತುದಿಗೆ ನಡೆಯಬೇಕು. ನೀರಿನ ಬಾಟಲಿ ಜೊತೆಗಿರಲಿ.